ಸೀಸಿಯಂ ಕರಗಿದ ಹೊತ್ತು

ಸೂರ್ಯ ಮಂಕಾದ ಮೇಲೆ ಬಳ್ಳಾರಿಯಲ್ಲೂ ವರ್ಷವಿಡೀ ಹಿಮ ಬೀಳುತ್ತಿತ್ತು. ಜನರ ಅಂಗೈಗಳು ಸದಾ ತಣ್ಣಗಿರುತ್ತಿದ್ದವು. ಹಾಗಾಗಿ ಹೆಣ್ಣು ನೋಡುವಾಗ ಜಾತಕದ ಬದಲು ಸೀಸಿಯಂ ತರುತ್ತಿದ್ದರು. ಗಾಜಿನ ಕೊಳವೆಯಲ್ಲಿ ಭದ್ರವಾಗಿ ಮುಚ್ಚಿಟ್ಟ ಆ ಹೊಂಬಣ್ಣದ ಲೋಹ ಇಪ್ಪತ್ತೆಂಟೂವರೆ ಡಿಗ್ರಿಗೆ ಕರಗುತ್ತದೆ. ಹುಡುಗ ಹುಡುಗಿ ಕೂಡಿ ಹಿಡಿದಾಗ ಕರಗಿದರೆ ಸಂಬಂಧ ಕುದುರಿದಂತೆ.

ಶಿವಗಂಗಮ್ಮನ ತಂಗಿಯ ಮಗಳು ಬಿಂದುವನ್ನು ನೋಡಲು ಬಂದ ಹುಡುಗನ ಜೊತೆ ಅವನ ಸೋದರಮಾವ ತಿಪ್ಪೇಸ್ವಾಮಿಯೂ ಬಂದಿದ್ದರು. ಹೆಂಡತಿ ತೀರಿಹೋದ ಮೇಲೆ ಒಂಟಿಯಾಗಿದ್ದವರು. ಹುಡುಗ ಹುಡುಗಿ ಎಷ್ಟು ಹೊತ್ತು ಹಿಡಿದು ಕೂತರೂ ಲೋಹ ಅಲುಗಲಿಲ್ಲ. ಇಬ್ಬರ ಮುಖದಲ್ಲೂ ನಿರಾಳ ಕಂಡಿತು.

ಶಿವಗಂಗಮ್ಮ ಕೊಳವೆಯನ್ನು ತಿಪ್ಪೇಸ್ವಾಮಿಗೆ ಹಿಂದಿರುಗಿಸಲು ಹೋದಳು.

"ನಮ್ಮ ಹುಡುಗ ಲೋಟ ಮುಟ್ಟಿದ್ರ ಸಾಕು, ಚಾ ಮಂಜುಗಡ್ಡಿ ಆಗ್ತೈತ್ರೀ" ಎಂದರು ಅವರು, ಕೊಳವೆಯ ಇನ್ನೊಂದು ತುದಿ ಹಿಡಿದು.

ಅವಳಿಗೆ ನಗು ಉಕ್ಕಿತು. ಗಂಡ ಹೋದ ಮೇಲೆ ಹಾಗೆ ನಕ್ಕಿರಲೇ ಇಲ್ಲ. ತಡೆಯಲು ಹೋದಷ್ಟೂ ಹೆಚ್ಚಾಯಿತು, ಅವರೂ ನಕ್ಕರು. ಕೊಳವೆಯನ್ನು ಇಬ್ಬರೂ ಬಿಟ್ಟಿರಲಿಲ್ಲ.

"ದೊಡ್ಡವ್ವ, ಅದು ಕರಗಾಕತ್ತೈತಿ" ಎಂದಳು ಬಿಂದು.

ಬಂಗಾರದ ಹನಿ ಗಾಜಿನೊಳಗೆ ಅತ್ತಿಂದಿತ್ತ ಓಡಾಡುತ್ತಿತ್ತು. ಮನೆ ತುಂಬ ನೆಂಟರು. ಈ ವಯಸ್ಸಿನಲ್ಲಿ ಇದೇನು ಎಂದು ಅವಳು ಬೆರಳು ಸಡಿಲಿಸಿದಳು.

"ಬಿಡಬ್ಯಾಡ್ರೀ" ಎಂದರು ತಿಪ್ಪೇಸ್ವಾಮಿ ಮೆಲ್ಲಗೆ. "ಬಿಟ್ರ ಮತ್ತ ಗಟ್ಟಿ ಆಗ್ತೈತಿ."

ಅವಳು ಬಿಗಿಯಾಗಿ ಹಿಡಿದುಕೊಂಡಳು. ಕಿವಿಯವರೆಗೂ ಬಿಸಿಯೇರಿತ್ತು.

"ಏನ್ ನೋಡ್ಕೋಂತ ನಿಂತಿ?" ಎಂದಳು ಬಿಂದುವಿಗೆ. "ಒಳಗ ಹೋಗಿ ಸಕ್ಕರಿ ತಗೊಂಡ್ ಬಾ, ಎಲ್ಲಾರಿಗೂ ಹಂಚು."