ಇರಬೇಕಾದ ಸದ್ದು

ಮಗುಚಿಟ್ಟ ಸಿಲಿಂಡರ್ ಹೆಡ್ಡಿನ ಗುಳಿಗೆ ತಿಮ್ಮರಾಯಪ್ಪ ಪೆಟ್ರೋಲ್ ಸುರಿದ. ಎರಡೂ ವಾಲ್ವುಗಳು ಮುಳುಗಿದವು. ಕೆಳಗೆ, ಹೊಗೆ ಹೊರಹೋಗುವ ತೂತಿನೊಳಗೆ ದಿನಪತ್ರಿಕೆಯ ಚೂರೊಂದನ್ನು ತುರುಕಿ ಸ್ಟೂಲಿನ ಮೇಲೆ ಕೂತ.

“ಹತ್ತು ನಿಮಿಷ. ವಾಲ್ವು ಸೋರಿ ಪೇಪರ್ ಒದ್ದೆ ಆದ್ರೆ ಗ್ಯಾರೇಜ್ ಮುಚ್ಚಿಬಿಡ್ತೀನಿ ನೀಲಮ್ಮ.”

“ಬಿಡ್ತು ಅನ್ನಿ ಅಣ್ಣ,” ಎಂದಳು ನೀಲಗಂಗಮ್ಮ. ಹೆಡ್ ಬಿಚ್ಚಿಸಿಕೊಂಡ ಅವಳ ಆಟೋ ಗೋಡೆಗೆ ಒರಗಿ ನಿಂತಿತ್ತು, ಹಲ್ಲು ಕೀಳಿಸಿಕೊಂಡವರ ಹಾಗೆ.

ಅದೇ ಆಟೋ, ಅದೇ ಹೆಡ್ಡು, ಮೂರನೇ ಸಲ. ವಾಲ್ವು ಬಂದು ಕೂರುವ ಉಕ್ಕಿನ ಬಳೆಗೆ ಸೀಟು ಎನ್ನುತ್ತಾರೆ. ತಿಮ್ಮರಾಯಪ್ಪ ಹೊಸ ಸೀಟು ಕೂರಿಸಿ ಕಳಿಸುತ್ತಿದ್ದ, ಎರಡು ತಿಂಗಳಿಗೆ ಅದು ಸುಟ್ಟು ಬರುತ್ತಿತ್ತು. ಕಳೆದ ವಾರ ಬನ್ನೇರುಘಟ್ಟ ರಸ್ತೆಯ ನಟ್ಟನಡುವೆ ಆರು ಶಾಲೆ ಮಕ್ಕಳನ್ನು ಕೂರಿಸಿಕೊಂಡೇ ಗಾಡಿ ನಿಂತಿತು. ಅರೆಕೆರೆಯ ಅಪಾರ್ಟ್‌ಮೆಂಟಿನ ತಾಯಂದಿರ ಪರವಾಗಿ ಶೃತಿ ಮೇಡಂ ಫೋನ್ ಮಾಡಿ ಹೇಳಿದ್ದರು: ಇನ್ನೊಂದು ಸಲ ನಿಂತರೆ ಮಕ್ಕಳು ವ್ಯಾನಿಗೆ. ನೀಲಗಂಗಮ್ಮನಿಗೆ ಇದ್ದದ್ದು ಅದೊಂದೇ ಖಾಯಂ ಟ್ರಿಪ್ಪು. ನಾಳೆ ಸೋಮವಾರ.

ತಿಮ್ಮರಾಯಪ್ಪ ಕಾಗದದ ಚೂರನ್ನು ಎಳೆದು ಕೆನ್ನೆಗೆ ಒತ್ತಿಕೊಂಡ. ಒಣಗಿಯೇ ಇತ್ತು. ಕಣ್ಣು ಮುಚ್ಚಿ ಒಂದು ಕ್ಷಣ ಹಾಗೇ ಇದ್ದ.

ಮೂರು ಗಂಟೆಯ ಹೊತ್ತಿಗೆ ಎಂಜಿನ್ ಜೋಡಿಸಿ ಸ್ಟಾರ್ಟ್ ಮಾಡಿದ. ಒಂದೇ ಏಟಿಗೆ ಹಿಡಿಯಿತು. ಟಿಕ್ ಟಿಕ್ ಟಿಕ್ ಎಂದು ಸಣ್ಣ ಸದ್ದಿನೊಂದಿಗೆ ಓಡತೊಡಗಿತು. ನೀಲಗಂಗಮ್ಮ ಸಂತೋಷದಿಂದ ಡ್ರೈವರ್ ಸೀಟು ಎತ್ತಿ ಅಡಿಯಿಂದ ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ತೆಗೆದಳು.

“ಸಾಕು ಬಿಡಿ ಅಣ್ಣ, ಬೆಳಿಗ್ಗೆಯಿಂದ ಕೂತಿದೀರ. ಉಳಿದಿದ್ದು ನಾನು ಮಾಡ್ಕೋತೀನಿ.”

“ಉಳಿದಿದ್ದು ಏನು?”

“ಇದೇ, ಸೌಂಡ್ ತೆಗೆಯೋದು. ನೀವು ಮಾಡೋದನ್ನ ನೋಡಿ ನೋಡಿ ಕಲ್ತೆ. ವಾಲ್ವ್ ತಲೆ ಮೇಲಿರೋ ಆ ಟ್ಯಾಪೆಟ್ ಸ್ಕ್ರೂ ಚೂರು ಬಿಗಿ ಮಾಡಿದ್ರೆ ಬೆಣ್ಣೆ ಥರ ಆಗುತ್ತೆ.”

ತಿಮ್ಮರಾಯಪ್ಪ ಎಂಜಿನ್ ಆಫ್ ಮಾಡಿದ. ಕುಮಾರಸ್ವಾಮಿ ಲೇಔಟಿನ ಭಾನುವಾರವೆಲ್ಲ ಒಮ್ಮೆಲೇ ಕೇಳಿಸಿತು: ಯಾರದೋ ಕುಕ್ಕರು, ಯಾರದೋ ಕ್ರಿಕೆಟ್ಟು.

“ಎಷ್ಟು ಸಲ ಮಾಡಿದೀಯಾ?”

“ಪ್ರತಿ ಭಾನುವಾರ. ಗಾಡಿ ತೊಳೆದು, ಹ್ಯಾಂಡಲ್‌ಗೆ ವಿಭೂತಿ ಹಚ್ಚಿ, ಆಮೇಲೆ.” ಅವನ ಮುಖ ನೋಡಿ ಅವಳ ದನಿ ಇಳಿಯಿತು. “ಸೌಂಡ್ ಬರೋ ಆಟೋ ಅಂದ್ರೆ ಡಕೋಟಾ ಅಂದ್ಕೋತಾರೆ ಅಣ್ಣ. ಶೃತಿ ಮೇಡಂ ಮೊದಲನೇ ದಿನಾನೇ ಕೇಳಿದ್ರು, ಇದು ಯಾವ ಕಾಲದ್ದು ಅಂತ.”

“ಅಯ್ಯೋ ತಾಯಿ! ನಾನು ಸೀಟ್ ಅಂಗಡಿಯವನ ಜತೆ ಜಗಳ ಆಡಿದೆ. ಗ್ಯಾಸ್ ಬಂಕಿನವನನ್ನ ಬೈದೆ. ಕೊನೆಗೆ ನನಗೇ ಕಣ್ಣು ಕಾಣ್ತಿಲ್ಲ ಅಂತ ಹೋಗಿ ಈ ಕನ್ನಡಕ ಹಾಕಿಸ್ಕೊಂಡು ಬಂದೆ!”

ಕನ್ನಡಕ ತೆಗೆದು ತೋರಿಸಿದ. ಆಮೇಲೆ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು ನಕ್ಕ, ನಾಲ್ಕು ತಿಂಗಳ ನಿದ್ದೆ ವಾಪಸ್ ಸಿಕ್ಕವನ ಹಾಗೆ. ನೀಲಗಂಗಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಕೇಳು. ಆ ಸ್ಕ್ರೂಗೂ ವಾಲ್ವಿಗೂ ಮಧ್ಯೆ ಕೂದಲೆಳೆಯಷ್ಟು ಜಾಗ ಇರ್ಬೇಕು. ಎಂಜಿನ್ ಕಾದ್ರೆ ವಾಲ್ವು ಉದ್ದ ಆಗುತ್ತೆ. ಜಾಗ ಇಲ್ದಿದ್ರೆ ಪೂರ್ತಿ ಮುಚ್ಕೊಳಲ್ಲ. ಆ ಸಂದೀಲಿ ಬೆಂಕಿ ನುಗ್ಗಿ ಸೀಟು ಸುಡುತ್ತೆ. ಗ್ಯಾಸ್ ಗಾಡೀಲಿ ಮೊದಲೇ ಸೀಟು ಬೇಗ ಸವೆಯುತ್ತೆ, ಜಾಗ ತಾನಾಗೇ ಕಮ್ಮಿ ಆಗ್ತಾ ಬರುತ್ತೆ. ಅದರ ಮೇಲೆ ನೀನು ಬೇರೆ, ವಿಭೂತಿ ಹಚ್ಚಿ ತಿರುಗಿಸ್ತೀಯಾ!”

“ಹಂಗಾದ್ರೆ ಈ ಟಿಕ್ ಟಿಕ್?”

“ಜಾಗ ಇದೆ ಅಂತ ಅದು ಹೇಳ್ತಿರೋದು. ಸೌಂಡ್ ನಿಂತ್ರೆ ಹೆದರ್ಕೋಬೇಕು.”

ಡಬ್ಬಿಯಿಂದ ಎಲೆಯಷ್ಟು ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ತೆಗೆದು ಅವಳ ಕೈಗಿಟ್ಟ. ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಇದು ಆ ಸಂದಿಯಲ್ಲಿ ಹೋಗಿ ಬರಬೇಕು, ಸ್ವಲ್ಪ ತಡೆದು ತಡೆದು. ಹೋಗದಿದ್ದರೆ ಸ್ಕ್ರೂ ಸಡಿಲ ಮಾಡಬೇಕು. ಎಂಜಿನ್ ಆರುವವರೆಗೆ ಇಬ್ಬರೂ ಟೀ ಕುಡಿದರು. ಆಮೇಲೆ ಅವಳ ಕೈಯಲ್ಲೇ ಮಾಡಿಸಿದ. ಮೊದಲ ಸಲ ಪಟ್ಟಿ ಸಿಕ್ಕಿಕೊಂಡಿತು. ಎರಡನೇ ಸಲ ಜಾರಿ ಕೆಳಗೆ ಬಿತ್ತು. ಮೂರನೇ ಸಲ ಪಟ್ಟಿ ಹೋಗಿ ಬಂದದ್ದು ಅವಳ ಬೆರಳಿಗೇ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಅರೆಕೆರೆಯಲ್ಲಿ ಐದು ಮಕ್ಕಳು ಹತ್ತಿ ಕೂತಿದ್ದರು. ಶೃತಿ ತನ್ನ ಮಗಳು ಸಿರಿಯನ್ನು ಹತ್ತಿಸಿ, ಬ್ಯಾಗು ಕೊಟ್ಟು, ಅಲ್ಲೇ ನಿಂತು ಕಿವಿಗೊಟ್ಟಳು.

“ಸೌಂಡ್ ಬರ್ತಿದೆ. ಇಷ್ಟು ದಿನ ಇರ್ಲಿಲ್ವಲ್ಲಾ. ರಿಪೇರಿ ಆಗಿಲ್ವಾ?”

“ಆಗಿದೆ ಮೇಡಂ. ಸೌಂಡ್ ಇರ್ಬೇಕು.”

“ಇರ್ಬೇಕಾ? ಯಾರು ಹೇಳಿದ್ದು ನಿಮಗೆ?” ಶೃತಿ ನಕ್ಕಳು. ಒಳ್ಳೆಯ ಮನಸ್ಸಿನ ಹೆಂಗಸು. “ನೋಡಿ, ನಮ್ಮನೆಯವರ ಫ್ರೆಂಡ್‌ದು ಇಲ್ಲೇ ಗ್ಯಾರೇಜ್ ಇದೆ. ಹತ್ತು ನಿಮಿಷದಲ್ಲಿ ಸೈಲೆಂಟ್ ಮಾಡಿ ಕೊಡ್ತಾರೆ, ಫೋನ್ ಮಾಡಿ ಹೇಳ್ತೀನಿ. ಸೌಂಡ್ ಒಂದು ಹೋದ್ರೆ ಮೇಲಿನ ಮನೆ ಮಕ್ಕಳನ್ನೂ ನಿಮ್ಮ ಆಟೋಗೇ ಕಳಿಸೋಕೆ ಹೇಳ್ತೀನಿ. ಮಧ್ಯಾಹ್ನ ತಗೊಂಡು ಹೋಗ್ತೀರಾ?”

ನೀಲಗಂಗಮ್ಮ ಗೇರ್ ಹಾಕಿದಳು.

“ಇಲ್ಲ ಮೇಡಂ. ಹೋಗಲ್ಲ.”