ಮೂರು ಗಂಟೆಯ ಬ್ಯಾಟರಿ

ಮುನೀರ ಬೆಳಗ್ಗೆ ಇನ್ವರ್ಟರ್ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲೇ ಸದಾಶಿವಯ್ಯನವರು ಬರಿಗಾಲಲ್ಲಿ ಬಂದು ನಿಂತಿದ್ದರು. ಹಣೆಯಲ್ಲಿ ಎಂದಿನ ವಿಭೂತಿಯೂ ಇರಲಿಲ್ಲ.

"ಹತ್ತು ಗಂಟೆಗೆ ಕರೆಂಟ್ ತೆಗೀತಾರಂತೆ, ಸಂಜೆ ಐದರವರೆಗೆ ಬರಲ್ವಂತೆ. ನೀನು ಹಾಕಿಕೊಟ್ಟ ಇನ್ವರ್ಟರು ಅಷ್ಟು ಹೊತ್ತು ತಡೆಯುತ್ತೇನಪ್ಪಾ?"

"ಎರಡು ಫ್ಯಾನಿಗೆ ಧಾರಾಳವಾಗಿ ಸಾಕು, ಸ್ವಾಮಿ."

"ಫ್ಯಾನಿಗಲ್ಲ, ತಣ್ಣಗಿಡೋ ಪೆಟ್ಟಿಗೆಗೆ. ಇನ್ನೂರ ಮೂವತ್ತು ವೋಲ್ಟು, ಎರಡು ಆಂಪಿಯರು ಅಂತ ಅದರ ಮೇಲೆ ಬರೆದಿದೆ."

ಮುನೀರ ನಕ್ಕ. "ಏನ್ ಸ್ವಾಮಿ, ಈ ವಯಸ್ಸಲ್ಲಿ ಐಸ್‌ಕ್ರೀಂ ವ್ಯಾಪಾರಕ್ಕಿಳಿದ್ರಾ?"

ಅವರು ನಗಲಿಲ್ಲ. ಮುನೀರ ಲೆಕ್ಕ ಹಾಕಿದ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ನಾನೂರ ಅರವತ್ತು ವ್ಯಾಟ್. ಅವರ ಮನೆಯ ಬ್ಯಾಟರಿ ಅಷ್ಟು ಭಾರವನ್ನು ಮೂರು ಗಂಟೆಗಿಂತ ಹೆಚ್ಚು ಹೊರಲಾರದು.

"ಮಧ್ಯಾಹ್ನ ಒಂದಕ್ಕೆಲ್ಲ ಕೈಕೊಡುತ್ತೆ, ಸ್ವಾಮಿ."

"ಶಿವನೇ! ಹೇಗಾದರೂ ಐದರವರೆಗೆ ತಂಪಾಗಿರೋ ಹಾಗೆ ಮಾಡಪ್ಪಾ." ಸದಾಶಿವಯ್ಯನವರು ಕೈ ಮುಗಿದೇಬಿಟ್ಟರು.

ಒಂದು ಪೆಟ್ಟಿಗೆಗಾಗಿ ಹಿರಿಯರು ಇಷ್ಟು ಸಂಕಟಪಡುವುದನ್ನು ಕಂಡು ಮುನೀರನಿಗೆ ಕನಿಕರವಾಯಿತು. "ಅದಕ್ಯಾಕೆ ಗಾಬರಿ? ಸಂಜೆವರೆಗೂ ಯಾರೂ ಮುಚ್ಚಳ ತೆಗೀಬೇಡಿ. ಒಳಗಿನ ತಂಪು ಸುಮಾರು ಹೊತ್ತು ಹಾಗೇ ಇರುತ್ತೆ."

"ಮಗಳು ಐದರ ರೈಲಿಗೆ ಬರ್ತಾಳೆ. ಅಲ್ಲಿವರೆಗೆ ಯಾರೂ ತೆಗೆಯಲ್ಲಪ್ಪಾ. ಅವರಮ್ಮನ ಬಾಯಿಗೆ ಕಡೇ ಸಲ ಗಂಗಾಜಲ ಬಿಡಬೇಕಾದವಳು ಅವಳೊಬ್ಬಳೇ."