ನಾಲ್ಕು ಬೆರಳು ಮಣ್ಣು

ನಾಗಶ್ರೀಯ ಗುಂಡಿಗೆ ಬೊಮ್ಮಕ್ಕ ಇಳಿದಾಗ ಉಳಿದವರೆಲ್ಲ ಕೆರೆ ಏರಿಯ ಮೇಲೆ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಯಾರಾದರೂ ಕೇಳಿದರೆ ಕಾಲುಂಗುರ ಬಿದ್ದಿದೆ, ಹುಡುಕುತ್ತಿದ್ದೇನೆ ಎನ್ನಬೇಕೆಂದು ಮೊದಲೇ ಯೋಚಿಸಿಕೊಂಡಿದ್ದಳು. ಯಾರೂ ಕೇಳಲಿಲ್ಲ. ಅವಳ ಕಣ್ಣಿದ್ದದ್ದು ಗುಂಡಿಯ ನಡುವೆ ನಿಂತಿದ್ದ ಸಾಕ್ಷಿಯ ಮೇಲೆ.

ಬಿ.ದುರ್ಗದ ಕಡೆಯ ಆ ಕೆರೆಯಲ್ಲಿ ಉದ್ಯೋಗ ಖಾತರಿಯ ಹೂಳೆತ್ತುವ ಕೆಲಸ ನಡೆದಿತ್ತು. ಹತ್ತಡಿಗೆ ಹತ್ತಡಿ ಜಾಗ, ಒಂದಡಿ ಆಳ, ತಲೆಗೊಂದು ಗುಂಡಿ. ಸುತ್ತಲೂ ಅಗೆದ ಮೇಲೆ ಮೊದಲು ನೆಲ ಎಲ್ಲಿಯವರೆಗಿತ್ತು ಎಂದು ಗೊತ್ತಾಗಬೇಕಲ್ಲ, ಅದಕ್ಕೇ ನಡುವೆ ಮೊರದಗಲದ ದಿಬ್ಬವನ್ನು ಮುಟ್ಟದೆ ಬಿಡಬೇಕು. ಅದೇ ಸಾಕ್ಷಿ. ಅದರ ತಲೆಯಿಂದ ಬುಡಕ್ಕೆ ಟೇಪು ಹಿಡಿದರೆ ಅವತ್ತಿನ ದುಡಿಮೆ ತಿಳಿಯುತ್ತದೆ. ಸಾಕ್ಷಿಯ ತಲೆಗೆ ಕದ್ದು ಮಣ್ಣು ಏರಿಸಿ ಆಳ ಹೆಚ್ಚಿಸಿಕೊಳ್ಳುವ ವಿದ್ಯೆ ಊರಿಗೆಲ್ಲ ಗೊತ್ತಿತ್ತು. ಕೆತ್ತಿ ಗಿಡ್ಡ ಮಾಡಿದವರು ಮಾತ್ರ ಯಾರೂ ಇರಲಿಲ್ಲ. ತನ್ನ ದುಡಿಮೆಯನ್ನು ತಾನೇ ಕಡಿಮೆ ಮಾಡಿಕೊಳ್ಳುವ ಹುಚ್ಚು ಯಾರಿಗಿರುತ್ತದೆ? ಆದರೆ ಬೊಮ್ಮಕ್ಕ ಕೆತ್ತಲು ಬಂದದ್ದು ನಾಗಶ್ರೀಯದನ್ನು. ಹೊಟ್ಟೆಕಿಚ್ಚು ಅಂದರೆ ಹಾಗೇ, ಹೊಸ ಹೊಸ ವಿದ್ಯೆ ಕಲಿಸುತ್ತದೆ.

ನಾಗಶ್ರೀಯ ಎಡಗಾಲು ಚಿಕ್ಕಂದಿನಲ್ಲೇ ಸೊರಗಿದ್ದು. ಅವಳ ಹತ್ತಿರ ಅಂಗವಿಕಲರ ಕಾರ್ಡು ಇತ್ತು. ಕಾರ್ಡು ಇದ್ದವರಿಗೆ ಅರ್ಧ ಅಳತೆ, ಪೂರ್ತಿ ಕೂಲಿ. ಆರಿಂಚು ಅಗೆಯುವ ಅವಳಿಗೂ ಹನ್ನೆರಡಿಂಚು ಅಗೆಯುವ ತನಗೂ ಒಂದೇ ಕೂಲಿ ಎಂಬುದು ಹದಿನೈದು ದಿನದಿಂದ ಬೊಮ್ಮಕ್ಕನ ಗಂಟಲಲ್ಲಿ ಇಳಿಯದೆ ಕೂತಿತ್ತು. ಅಳತೆ ಬರೆಯುವ ಜುಂಜಣ್ಣನ ಜೊತೆ ಜಗಳವೂ ಆಗಿತ್ತು.

"ಅರ್ಧ ಕೆಲ್ಸ ಮಾಡ್ದೋಳಿಗೆ ಅರ್ಧ ಕೂಲಿ ಕೊಡ್ರಿ. ಇದ್ಯಾವ ಸೀಮೆ ನ್ಯಾಯ?"

"ನಾನ್ ಮಾಡಿದ್ದಲ್ಲಮ್ಮ, ಕಾನೂನೇ ಹಂಗೈತೆ."

"ನಿನ್ ಕಾನೂನಿಗೆ ಅವ್ಳ ಕಾಲು ಕಾಣ್ತೈತೆ, ನನ್ ಸೊಂಟ ಕಾಣಲ್ವೇನು? ನಂಗೂ ಒಂದು ಕಾರ್ಡು ಮಾಡ್ಸಿಕೊಡು."

"ದುರ್ಗದ ಜಿಲ್ಲಾಸ್ಪತ್ರೆಗೆ ಹೋಗಿ ಡಾಕ್ಟ್ರಿಗೆ ತೋರ್ಸು ಮತ್ತೆ," ಎಂದಿದ್ದ ಜುಂಜಣ್ಣ, ಕಾಟ ತಪ್ಪಿದರೆ ಸಾಕೆಂದು.

ಬೊಮ್ಮಕ್ಕ ನಿಜಕ್ಕೂ ಹೋದಳು. ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಹತ್ತಿ, ಸಾಲಿನಲ್ಲಿ ನಿಂತು ತೋರಿಸಿದ್ದಕ್ಕೆ ಡಾಕ್ಟರು ಸೊಂಟ ಒತ್ತಿ ನೋಡಿ ಒಂದು ಟ್ಯೂಬು ಮುಲಾಮು ಬರೆದುಕೊಟ್ಟರು. ಅಲ್ಲಿಂದ ಬಂದವಳೇ ನಾಗಶ್ರೀಯ ಬೆನ್ನು ಬಿದ್ದಳು. ಮಣ್ಣಿನ ಪುಟ್ಟಿ ಹೊತ್ತು ಅತ್ತ ಹೋಗುವಾಗೊಮ್ಮೆ, ಇತ್ತ ಬರುವಾಗೊಮ್ಮೆ, "ಏನಮ್ಮ ಅರ್ಧಗುಂಡಿ ಸಾವ್ಕಾರ್ತಿ, ಆಗ್ಲೇ ಮುಗೀತಾ?" ಎಂದು ನಾಲ್ಕು ಜನರಿಗೆ ಕೇಳುವಂತೆ ಅನ್ನುತ್ತಿದ್ದಳು. ನಾಗಶ್ರೀ ಮತ್ತೆ ಗುದ್ದಲಿ ಎತ್ತುತ್ತಿದ್ದಳು.

ಈಗ ಬೊಮ್ಮಕ್ಕ ಸಾಕ್ಷಿಯ ತಲೆಯ ಮೇಲಿದ್ದ ಹುಲ್ಲನ್ನು ಬೇರು ಸಮೇತ ಟೋಪಿಯಂತೆ ಮೆಲ್ಲಗೆ ಬಿಡಿಸಿದಳು. ಕೆಳಗಿನ ಮಣ್ಣನ್ನು ನಾಲ್ಕು ಬೆರಳು, ಅಂದರೆ ಮೂರಿಂಚು, ಕೆತ್ತಿ ಚೆಲ್ಲಿದಳು. ಹುಲ್ಲನ್ನು ಮೊದಲಿನಂತೆ ಕೂರಿಸಿ ಅಂಗೈಯಿಂದ ತಟ್ಟಿದಳು. ಆರಿಂಚಿಗೆ ಒಂದಿಂಚು ಕಡಿಮೆ ಬಂದರೂ ಕೂಲಿ ಕಡಿತವಾಗುತ್ತಿತ್ತು. ಎರಡು ದಿನ ಹಾಗಾದರೆ ಇವಳೇ ನಾಚಿಕೊಂಡು ಮನೆ ಸೇರುತ್ತಾಳೆ ಎಂದುಕೊಂಡು ಮೇಲೆ ಬಂದಳು. ಗುಂಡಿ ಎಷ್ಟು ಆಳವಿದೆ ಎಂದು ನೋಡುವ ಗೋಜಿಗೆ ಹೋಗಲಿಲ್ಲ. ಅರ್ಧ ಎಂದು ಅವಳಿಗೆ ಗೊತ್ತೇ ಇತ್ತಲ್ಲ!

ಊಟವಾದ ಮೇಲೆ ಜುಂಜಣ್ಣ ಟೇಪು ಹಿಡಿದು ಬಂದ. ಬೊಮ್ಮಕ್ಕನದು ಹನ್ನೆರಡು. ನಾಗಶ್ರೀಯ ಗುಂಡಿಯಲ್ಲಿ ಅವನು ಕುಕ್ಕರಗಾಲಲ್ಲಿ ಕೂತಾಗ ಬೊಮ್ಮಕ್ಕ ಪುಟ್ಟಿ ಕೆಳಗಿಟ್ಟು ಹತ್ತಿರ ಬಂದು ನಿಂತಳು.

"ಆರು. ಸರಿಯಾಗೈತೆ ಬಿಡವ್ವ," ಎಂದು ಬರೆದುಕೊಂಡು ಅವನು ಮುಂದಿನ ಗುಂಡಿಗೆ ಹೋದ.

ಆರು ಹೇಗಾಯಿತು? ತಾನೇ ಕೈಯಾರೆ ಮೂರಿಂಚು ತೆಗೆದಿದ್ದಳಲ್ಲ. ಬೊಮ್ಮಕ್ಕ ಆಗ ಮೊದಲ ಸಲ ಆ ಗುಂಡಿಯ ನೆಲವನ್ನು ಸರಿಯಾಗಿ ನೋಡಿದಳು. ಪಕ್ಕದ ತನ್ನ ಗುಂಡಿಯ ನೆಲಕ್ಕಿಂತ ಅದು ಸ್ವಲ್ಪವೇ ಮೇಲಿತ್ತು. ಒಂಬತ್ತು ಅಗೆದಿದ್ದಾಳೆ, ಕುಂಟಿ! ಆರಕ್ಕಿಂತ ಎಷ್ಟು ಹೆಚ್ಚಿದ್ದರೂ ಜುಂಜಣ್ಣ ಆರು ಎಂದೇ ಬರೆಯುತ್ತಿದ್ದುದರಿಂದ ಇದು ಯಾರಿಗೂ ಗೊತ್ತಾಗಿರಲಿಲ್ಲ. ಬೊಮ್ಮಕ್ಕನಿಗೆ ಪಾಪ ಅನ್ನಿಸಲಿಲ್ಲ, ಇನ್ನಷ್ಟು ಉರಿಯಿತು. ಇವಳನ್ನು ಅಗೆ ಎಂದು ಯಾರು ಕೇಳಿದ್ದರು? ಗೊತ್ತಾದರೆ ಊರೆಲ್ಲ ಇವಳನ್ನೇ ಹೊಗಳುತ್ತದೆ, ದಿನಾ ಹನ್ನೆರಡು ಅಗೆಯುವ ತನ್ನನ್ನು ಯಾವ ನಾಯಿಯೂ ಮೂಸುವುದಿಲ್ಲ.

ನಾಗಶ್ರೀ ಸಾಕ್ಷಿಯ ಪಕ್ಕ ಕೂತು ಹುಲ್ಲನ್ನು ಮುಟ್ಟಿದಳು. ಅದು ಬೇರು ಸಮೇತ ಕೈಗೆ ಬಂತು. ತಲೆಯೆತ್ತಿ ಬೊಮ್ಮಕ್ಕನನ್ನು ನೋಡಿದಳು.

"ಒಂಬತ್ತು ತೆಗ್ದಿದ್ದೆ ಬೊಮ್ಮಕ್ಕ. ಗುದ್ದಲಿ ಕಾವಿನಾಗೆ ಅಳ್ತೆ ಗುರುತು ಐತೆ."

"ನಿಂಗೆ ಆರು ಸಾಕಲ್ಲ. ಹೆಚ್ಗೆ ತೆಗಿ ಅಂದೋರ್ಯಾರು?"

"ನೀನೇ."

ಈಗ ಜುಂಜಣ್ಣನನ್ನು ಕೂಗುತ್ತಾಳೆ, ಕೂಗೇ ಕೂಗುತ್ತಾಳೆ ಎಂದು ಬೊಮ್ಮಕ್ಕ ಅವನಿದ್ದ ಕಡೆ ತಿರುಗಿ ನೋಡಿದಳು. ನಾಗಶ್ರೀ ಕೂಗಲಿಲ್ಲ. ಸೊರಗಿದ ಕಾಲಿಗೆ ಸುತ್ತಿದ್ದ ಬಟ್ಟೆಪಟ್ಟಿ ಬಿಗಿದುಕೊಂಡು, ಗುದ್ದಲಿ ಊರಿ ಎದ್ದು ನಿಂತಳು.

"ನಿನ್ ಬಾಯಿಗೆ ಹೆದ್ರಿ ದಿನಾ ಮೂರಿಂಚು ಹೆಚ್ಗೆ ಅಗೀತಿದ್ದೆ. ಸಂಜಿಗೆ ಕಾಲು ಮಡಚಾಕೆ ಆಗ್ತಿರ್ಲಿಲ್ಲ. ಇವತ್ತು ಅದನ್ನೂ ಕೆತ್ತಿ ಹಾಕ್ದಿ, ಒಳ್ಳೇದಾತು ಬಿಡು. ನಾಳೆಯಿಂದ ಆರೇ ತೆಗೀತೀನಿ. ಆರು ಆದ್ಮೇಲೆ ನಿನ್ ಎದುರಿಗೇ ಕುಂತ್ಕಂತೀನಿ, ನೋಡ್ತಿರು."